ನೀರಿಗಾಗಿ ನಗರಗಳ ಸಾಲ: ಪುಣೆ ಮತ್ತು ಬೆಂಗಳೂರು

ಊರಿಗೆ ನೀರು ತರುವುದು ಬಹುಕಾಲ ಪ್ರಭುವಿನ ಕರ್ತವ್ಯವೆನಿಸಿತ್ತು. ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯು ಕಾತ್ರಜದ ಕೆರೆಯಿಂದ ಪುಣೆ ಪೇಟೆಗೆ ನೆಲದಡಿಯ ಕಾಲುವೆಯಲ್ಲಿ ನೀರನ್ನು ತರಿಸಿದನು. 1879ರಲ್ಲಿ ಪೂರ್ಣವಾದ ಖಡಕವಾಸಲೆಯ ಅಣೆಕಟ್ಟು ಆಂಗ್ಲ ಸರಕಾರದ ಕಾರ್ಯ. ಸ್ಥಳೀಯ ಸಂಸ್ಥೆಗಳು ತಮ್ಮ ಆದಾಯವನ್ನೇ ಆಧಾರವಾಗಿಟ್ಟು ಸಾಲವೆತ್ತಲು 1914ರ ಕಾಯಿದೆಯು ಅವಕಾಶವಿತ್ತಿತು. ಆದರೆ ಈಚಿನ ಬಾಂಡುಗಳ ಚರಿತ್ರೆ ಆರಂಭವಾಗುವುದು 1997ರಲ್ಲಿ, ಬೆಂಗಳೂರು ಮಹಾನಗರಪಾಲಿಕೆಯು ರಾಜ್ಯ ಸರಕಾರದ ಖಾತರಿಯೊಡನೆ 125 ಕೋಟಿ ರೂಪಾಯಿ ಎತ್ತಿದಾಗ. ಮರುವರ್ಷ ಅಹಮದಾಬಾದು ಅಂತಹ ಖಾತರಿಯಿಲ್ಲದೆಯೇ 100 ಕೋಟಿ ಪಡೆಯಿತು.

ದೊಡ್ಡ ನಗರಕ್ಕೆ ಸಾಧ್ಯವಾದುದು ಸಣ್ಣ ಊರಿಗೆ ಸಾಧ್ಯವೇ? ಈ ಪ್ರಶ್ನೆಗೆ ಕರ್ನಾಟಕವು 2005ರಲ್ಲಿ ಒಂದು ಉತ್ತರವನ್ನಿತ್ತಿತು. ಯಲಹಂಕ, ಬ್ಯಾಟರಾಯನಪುರ, ಕೃಷ್ಣರಾಜಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ, ದಾಸರಹಳ್ಳಿ, ಕೆಂಗೇರಿ ಎಂಬ ಬೆಂಗಳೂರಿನ ಸುತ್ತಲಿನ ಎಂಟು ಊರುಗಳ ಪರವಾಗಿ ಒಂದು ಸಾಮೂಹಿಕ ನಿಧಿಯು 100 ಕೋಟಿ ರೂಪಾಯಿಗಳ ಬಾಂಡುಗಳನ್ನು ಹೊರಡಿಸಿತು. ಬಡ್ಡಿ ಶೇಕಡಾ 5.95, ಅವಧಿ 15 ವರ್ಷ, ಬಡ್ಡಿಗೆ ಆದಾಯತೆರಿಗೆಯಿಲ್ಲ. ಅಸಲಿನ ಅರ್ಧಕ್ಕೆ ಅಮೆರಿಕದ ನೆರವು ಸಂಸ್ಥೆಯೊಂದು ಹೊಣೆಯಾಯಿತು. ಒಂಟಿಯಾಗಿ ಪೇಟೆಗೆ ಹೋದರೆ ಯಾರೂ ನಂಬಿ ಸಾಲ ಕೊಡದ ಊರುಗಳು ಒಟ್ಟಾಗಿ ನಂಬಿಕೆ ಗಳಿಸಿದವು. ನಿವಾಸಿಗಳೂ ನಲ್ಲಿಯ ಸಂಪರ್ಕಕ್ಕಾಗಿ ಮುಂಗಡ ವಂತಿಗೆ ತೆತ್ತರು.

ಆದರೆ 2007ರಲ್ಲಿ ಈ ಎಂಟೂ ಸಂಸ್ಥೆಗಳು ಬೃಹತ್ ಬೆಂಗಳೂರು ಮಹಾನಗರಪಾಲಿಕೆಯಲ್ಲಿ ಲೀನವಾದವು. ಸಾಲಗಾರನು ಕಣ್ಮರೆಯಾದರೂ ಸಾಲವು ಉಳಿಯಿತು. ದಿನಕ್ಕೆ 50 ಕೋಟಿ ಲೀಟರ್ ನೀರು ತರುವ ಕಾವೇರಿ ನಾಲ್ಕನೆಯ ಘಟ್ಟದ ಎರಡನೆಯ ಹಂತವು ಪೂರ್ಣಗೊಂಡುದು 2012ರಲ್ಲಿ. ಆ ವೇಳೆಗೆ ಸಾಲದ ಅವಧಿಯಲ್ಲಿ ಅರ್ಧದಷ್ಟು ಕಳೆದುಹೋಗುತ್ತ ಬಂದಿತ್ತು. ವಂತಿಗೆ ತೆತ್ತ ಗೃಹಸ್ಥರು ಅಷ್ಟರವರೆಗೆ ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನೆಚ್ಚಬೇಕಾಯಿತು.

ಪುಣೆಯ ಅನುಭವವೂ ಇದಕ್ಕೆ ದೂರವಲ್ಲ. ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಡುವ ಯೋಜನೆಗಾಗಿ ಪುಣೆ ಮಹಾನಗರಪಾಲಿಕೆಯು 2,264 ಕೋಟಿ ರೂಪಾಯಿ ಎತ್ತಲು ನಿಶ್ಚಯಿಸಿ, 2017ರ ಜೂನ್‌ನಲ್ಲಿ ಮೊದಲ ಕಂತಾಗಿ 200 ಕೋಟಿ ಪಡೆಯಿತು. ಬಡ್ಡಿ ಶೇಕಡಾ 7.59, ಅವಧಿ 10 ವರ್ಷ. ಇದಕ್ಕೆ ತೆರಿಗೆಯ ವಿನಾಯಿತಿಯಿಲ್ಲವಾದುದರಿಂದ ಬೆಂಗಳೂರಿನ ದರದೊಡನೆ ನೇರವಾಗಿ ಹೋಲಿಸಲಾಗದು. ಕೇಂದ್ರ ಸರಕಾರವು 26 ಕೋಟಿಯ ಪ್ರೋತ್ಸಾಹಧನವನ್ನಿತ್ತಿತು. ಆದರೆ ಅದೇ ವರ್ಷ, ಗುತ್ತಿಗೆದಾರರು ಸೂಚಿಸಿದ ದರಗಳು ಅಂದಾಜನ್ನು ಬಹಳವಾಗಿ ಮೀರಿದ್ದುದರಿಂದ ಕಾಮಗಾರಿಯ ಟೆಂಡರುಗಳು ರದ್ದಾದವು. 200 ಕೋಟಿಗೆ ವರ್ಷದ ಬಡ್ಡಿ 15 ಕೋಟಿ 18 ಲಕ್ಷ. ದಿನವೊಂದಕ್ಕೆ 4 ಲಕ್ಷ 15 ಸಾವಿರಕ್ಕೂ ಮಿಕ್ಕು. ಕೊಳವೆ ಹೂಳದಿದ್ದರೂ ಈ ಲೆಕ್ಕ ನಿಲ್ಲುವಂತಿಲ್ಲ.

ಸಾಲವೆತ್ತಿದ್ದೇ ತಪ್ಪೆಂದು ಇದರಿಂದ ತೀರ್ಮಾನಿಸಲಾಗದು. ಅನೇಕ ದಶಕಗಳ ಕಾಲ ಬಳಕೆಗೆ ಬರುವ ಕೊಳವೆಯ ವೆಚ್ಚವನ್ನು ಒಂದೇ ವರ್ಷದ ತೆರಿಗೆದಾರರ ಮೇಲೆ ಹೊರಿಸುವುದು ನ್ಯಾಯವಲ್ಲ. ಮುಂದೆ ನೀರು ಕುಡಿಯುವವರೂ ಪಾಲು ಕೊಡಬೇಕು. ಆದರೆ ಈ ನ್ಯಾಯವು ನಿಲ್ಲುವುದು ನೀರು ಸಕಾಲಕ್ಕೆ ಬಂದಾಗ ಮಾತ್ರ. ಬಾಂಡುಗಳ ದರ್ಜೆಯನ್ನು ನಿರ್ಣಯಿಸುವವರು ನೋಡುವುದು ಹಣ ಮರಳುವ ಭರವಸೆಯನ್ನು. ಅದಕ್ಕಾಗಿ ಪುಣೆಯ ಆಸ್ತಿತೆರಿಗೆಯನ್ನು ಪ್ರತ್ಯೇಕ ಖಾತೆಯಲ್ಲಿ ಕಾದಿರಿಸಲಾಯಿತು. ತೆರಿಗೆ ತೆರುವವನಿಗೆ ನೀರಿನ ಬಗೆಗೆ ಅಂತಹ ಭರವಸೆಯನ್ನು ಯಾರೂ ಬರೆದುಕೊಡಲಿಲ್ಲ. ಗುತ್ತಿಗೆಯ ದರ ನಿಶ್ಚಯವಾದ ಬಳಿಕವೇ ಸಾಲವೆತ್ತುವ ನಿಯಮವೊಂದಿದ್ದಲ್ಲಿ ಈ ಕೊರತೆಯ ಬಹುಭಾಗ ತುಂಬಿದಂತಾಗುತ್ತದೆ.