ಶೇಷವೇತನ ವಿಚಾರ

ಒಮ್ಮೆ ವೇತನ ಪಡೆದವನಿಗೆ ಅದೇ ಕೆಲಸಕ್ಕಾಗಿ ಮತ್ತೆ ಮತ್ತೆ ಕೊಡತಕ್ಕುದುಂಟೆ? ಮೀಮಾಂಸಕರ ಮತದಲ್ಲಿ ಋತ್ವಿಜರು ದಕ್ಷಿಣೆಯಿಂದ ಪರಿಕ್ರೀತರಾದವರು. ಯಾಗದ ಫಲವು ಯಜಮಾನನಿಗೇ ಸಲ್ಲುವುದು. ಅಮೆರಿಕದ ಚಲಚ್ಚಿತ್ರ ನಿರ್ಮಾಪಕರು ತಮ್ಮ ನಟರಿಗೆ ಹೇಳುತ್ತಿದ್ದ ಉತ್ತರವೂ ಹೆಚ್ಚುಕಡಿಮೆ ಇದೇ. ಆದರೆ ಯಾಗವನ್ನು ಮರಳಿ ಮಾಡಿದಲ್ಲಿ ದಕ್ಷಿಣೆಯನ್ನೂ ಮರಳಿ ಕೊಡಬೇಕಷ್ಟೆ. ದೂರದರ್ಶನದಲ್ಲಿ ಹಳೆಯ ಕಥಾನಕವನ್ನು ಪುನಃ ತೋರಿಸುವುದು ಹೊಸ ಪ್ರಯೋಗವೋ, ಹಳೆಯ ಪ್ರಯೋಗದ ಫಲಭೋಗವೋ ಎಂಬುದೇ ವಿವಾದದ ಮೂಲ. ಅಲ್ಲಿಯವರು ರೆಸಿಡ್ಯುಅಲ್ ಎಂದು ಕರೆಯುವ ಈ ಸಂದಾಯವನ್ನು ನಾವು ಶೇಷವೇತನವೆನ್ನೋಣ.

ಇದರ ಬೀಜವು ರೇಡಿಯೋ ಕಾಲದ್ದು. ಆ ದೇಶದ ಪೂರ್ವ ಪಶ್ಚಿಮ ತೀರಗಳಿಗೆ ಮೂರು ಗಂಟೆಗಳ ಅಂತರವಿರುವುದರಿಂದ, ನಟರು ಒಂದೇ ಕಾರ್ಯಕ್ರಮವನ್ನು ಒಂದೇ ದಿನ ಎರಡು ಸಲ ಅಭಿನಯಿಸಿ ಎರಡು ಸಂಭಾವನೆಗಳನ್ನು ಪಡೆಯುತ್ತಿದ್ದರು. ಧ್ವನಿಮುದ್ರಣದಿಂದ ಎರಡನೆಯ ಅಭಿನಯವು ಅನಾವಶ್ಯಕವಾದಾಗ, ಶ್ರಮ ತಪ್ಪಿದರೂ ಸಂಭಾವನೆ ತಪ್ಪಕೂಡದೆಂದು ಅವರು ಪಟ್ಟುಹಿಡಿದರು. ಆದುದರಿಂದ ಶೇಷವೇತನವನ್ನು ಕವಿಗೆ ಕಾವ್ಯದ ಮೇಲಿರುವ ಸ್ವಾಮ್ಯದೊಡನೆ ಸಮೀಕರಿಸುವುದು ಯುಕ್ತವಲ್ಲ. ತನ್ನ ಪ್ರತಿಬಿಂಬವೇ ತನ್ನ ಅನ್ನವನ್ನು ಕಸಿದೀತೆಂಬ ನಟನ ಭಯಕ್ಕೆ ದೊರೆತ ಪರಿಹಾರವದು.

1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ ಫಿಲ್ಮಿನ ಮೇಲೆ ತಯಾರಾದುದರಿಂದ ಬೇಕೆಂದಾಗ ಮರಳಿ ತೋರಿಸಲು ಒದಗಿತು. ಮರುವರ್ಷವೇ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ಎಂಬ ನಟಸಂಘವು ಪುನಃಪ್ರಸಾರಕ್ಕೆ ಸಂದಾಯವನ್ನು ಒಪ್ಪಿಸಿತು. ಚಿತ್ರಮಂದಿರಗಳಿಗಾಗಿ ತೆಗೆದ ಚಿತ್ರಗಳ ವಿಷಯದಲ್ಲಿ ಮಾತ್ರ ಒಪ್ಪಂದ ಕೂಡಿಬರಲಿಲ್ಲ. 1960ರ ಮಾರ್ಚಿನಲ್ಲಿ, ಮುಂದೆ ರಾಷ್ಟ್ರಾಧ್ಯಕ್ಷನಾದ ರೊನಾಲ್ಡ್ ರೇಗನ್ ಸಂಘದ ಅಧ್ಯಕ್ಷನಾಗಿದ್ದಾಗ, ನಟರು ಮುಷ್ಕರ ಹೂಡಿದರು. ಲೇಖಕರು ಜನವರಿಯಲ್ಲಿಯೇ ಕೆಲಸ ನಿಲ್ಲಿಸಿದ್ದರು. ಏಪ್ರಿಲಿನ ರಾಜಿಯ ಮೇರೆಗೆ 1960ರಿಂದೀಚಿನ ಚಿತ್ರಗಳಿಗೆ ಶೇಷವೇತನ ದೊರೆಯಿತು. 1948ರಿಂದ ಅಲ್ಲಿಯವರೆಗಿನವುಗಳಿಗೆ ಪ್ರತಿಯಾಗಿ ನಿವೃತ್ತಿ ಮತ್ತು ಆರೋಗ್ಯ ನಿಧಿಗೆ 22 ಲಕ್ಷ 50 ಸಾವಿರ ಡಾಲರುಗಳು ಸಂದುವು. ಅದಕ್ಕೂ ಹಿಂದಿನ ಚಿತ್ರಗಳ ನಟರಿಗೆ ಏನೂ ಇಲ್ಲ! ನ್ಯಾಯವನ್ನು ಪಂಚಾಂಗ ನೋಡಿ ಹಂಚಿದಂತಾಯಿತು. ದೂರದರ್ಶನದ ನಟರಿಗೂ ಕೆಲವು ಆವೃತ್ತಿಗಳ ಬಳಿಕ ಸಂದಾಯ ನಿಂತುಹೋಗುತ್ತಿತ್ತು. ಈ ಮಿತಿಯನ್ನು ತೆಗೆದದ್ದು 1974ರ ಒಪ್ಪಂದ. 1964ರಿಂದ 1967ರವರೆಗೆ ನಡೆದ ‘ಗಿಲಿಗನ್ಸ್ ಐಲೆಂಡ್’ ದಶಕಗಳ ಕಾಲ ಪುನಃಪ್ರಸಾರವಾದರೂ ಅದರ ನಟರು ಈ ರೇಖೆಯ ಆಚೆಗೇ ಉಳಿದರು.

ಸ್ಥಳೀಯ ನಿಲಯಗಳಿಗೆ ಮಾರಿದ ಕಥಾನಕಗಳಲ್ಲಿ ಎರಡನೆಯ ಪ್ರಸಾರಕ್ಕೆ ಕನಿಷ್ಠ ವೇತನದ ಶೇಕಡ 40, ಮೂರನೆಯದಕ್ಕೆ 30, ಹೀಗೆ ಇಳಿಯುತ್ತ ಹದಿಮೂರನೆಯದರಿಂದ ಮುಂದೆ ಪ್ರತಿಯೊಂದಕ್ಕೂ 5 ಎಂಬುದು ನಟರ ಕ್ರಮ. ಹಣವು ಸಂಘದ ಮೂಲಕ ಅವರವರ ಕೈಸೇರುತ್ತದೆ. ಲೇಖಕರಿಗೂ ನಿರ್ದೇಶಕರಿಗೂ ಬೇರೆ ಬೇರೆ ಸಂಘಗಳುಂಟು. ದೀಪ ಹಿಡಿದವರ, ಬಡಗಿಗಳ, ಛಾಯಾಗ್ರಾಹಕರ ಗತಿ ಬೇರೆ. ಚಲಚ್ಚಿತ್ರಗಳು ದೂರದರ್ಶನವೇ ಮೊದಲಾದ ಇತರ ಮಾರುಕಟ್ಟೆಗಳಿಗೆ ಹೋದಾಗ ಬರುವ ಅವರ ಪಾಲು ವ್ಯಕ್ತಿಗೆ ಸಲ್ಲದೆ, ನಿವೃತ್ತಿ ಮತ್ತು ಆರೋಗ್ಯದ ಸಮುದಾಯನಿಧಿಗೆ ಸೇರುತ್ತದೆ.

ಈ ಗಣನೆಗೆಲ್ಲ ಆಧಾರ ಆವೃತ್ತಿಯ ಸಂಖ್ಯೆ. ಚಂದಾದಾರನು ಇಚ್ಛಿಸಿದಾಗ ನೋಡುವ ಅಂತರ್ಜಾಲ ಪ್ರಸಾರದಲ್ಲಿ ಆವೃತ್ತಿಯೆಂಬುದೇ ಇಲ್ಲ, ಎಣಿಸುವುದಾದರೂ ಏನನ್ನು? 2023ರಲ್ಲಿ ಲೇಖಕರು 148 ದಿನ, ನಟರು 118 ದಿನ ಮುಷ್ಕರ ಹೂಡಿದುದಕ್ಕೆ ಇದು ಒಂದು ಮುಖ್ಯ ಕಾರಣ. ಮೊದಲ 90 ದಿನಗಳ ವೀಕ್ಷಣೆಯು ಸ್ವದೇಶದ ಚಂದಾದಾರರ ಶೇಕಡ 20ರಷ್ಟಾದರೆ ಅಧಿಕ ಸಂದಾಯವೆಂಬ ನಿಯಮ ಆಗ ಹುಟ್ಟಿತು. ಆವೃತ್ತಿಯ ಸ್ಥಾನದಲ್ಲಿ ಪ್ರೇಕ್ಷಕನ ಗಣನೆ ಬಂದಿತು.