ಪಾಳಿಯ ಪಟ್ಟಿಯಲ್ಲಿ ಕಾಯ್ದ ಕೊಲ್ಹಾಪುರ

ಕೊಲ್ಹಾಪುರದ ದಸರೆಗೆ ಅರಮನೆಯ ಹಳೆಯ ಮೇಬ್ಯಾಕ್ ಕಾರು ಇಂದಿಗೂ ಹೊರಡುತ್ತದೆ. ಅದು ಮಹಾರಾಜರಿಗೆ ವಿದೇಶದಿಂದಲೇ ಬಂತು. ಕಬ್ಬಿನ ರೈತನಿಗೆ, ಇಚಲಕರಂಜಿಯ ಮಗ್ಗದ ಮಾಲೀಕನಿಗೆ, ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿಗೆ ಹಾಗಲ್ಲ; ಅವರು ಗಾಡಿಗಾಗಿ ಪಾಳಿ ಕಾಯಬೇಕಿತ್ತು.

1959ರ ಮೋಟಾರು ಕಾರು ವಿತರಣೆ ಮತ್ತು ಮಾರಾಟ ನಿಯಂತ್ರಣ ಆದೇಶದ ನಂತರ ದೇಶದೆಲ್ಲೆಡೆ ಡೀಲರು ತನಗಿಷ್ಟ ಬಂದವರಿಗೆ ಗಾಡಿ ಕೊಡುವಂತಿರಲಿಲ್ಲ. ಹೆಸರು ನೋಂದಾಯಿಸಿ, ಪಾಳಿಯಂತೆ ಕೊಡಬೇಕಿತ್ತು. ಸ್ಕೂಟರಿಗೂ ಇಂಥದೇ ಆದೇಶ ಬಂತು. ಕಾರ್ಖಾನೆಗಳ ಉತ್ಪಾದನೆಗೆ ಪರವಾನಗಿಯ ಮಿತಿ ಇತ್ತು, ಬೇಡಿಕೆಗೆ ಮಿತಿ ಇರಲಿಲ್ಲ. ಆಕುರ್ಡಿಯ ಬಜಾಜ್ ಕಾರ್ಖಾನೆ ಕೊಲ್ಹಾಪುರದಿಂದ ಇನ್ನೂರೈವತ್ತು ಕಿಲೋಮೀಟರಿನೊಳಗೇ ಇದ್ದರೂ ಅಲ್ಲಿನ ಚೇತಕ್ ಸ್ಕೂಟರ್ ಬೇಕಾದವರು ವರ್ಷಗಟ್ಟಲೆ ಕಾಯಬೇಕಿತ್ತು. ಆದ್ದರಿಂದ ಪಾಳಿ ಬಂದ ಹೊಸ ಗಾಡಿಗೆ ಕಾಳಸಂತೆಯಲ್ಲಿ ಹೆಚ್ಚಿನ ಬೆಲೆ!

1983ರಲ್ಲಿ ಮಾರುತಿ ಬುಕಿಂಗಿಗೆ 10,000 ರೂಪಾಯಿ ಠೇವಣಿ ಕೇಳಿದಾಗಲೂ ಜನ ಮುಗಿಬಿದ್ದರು. ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು.

1993ರಲ್ಲಿ ಕಾರು ತಯಾರಿಕೆಗೆ ಪರವಾನಗಿ ರದ್ದಾಯಿತು. ಈಗ ಹಂಚಿಕೆಯ ನಿರ್ಧಾರ ಕಂಪನಿಯದು: ಡೀಲರು ಎಷ್ಟು ಮಾರಿದ, ಎಷ್ಟು ಗಾಡಿ ಉಳಿದಿವೆ, ಎಷ್ಟು ಬುಕಿಂಗ್ ಬಾಕಿ ಇದೆ ಎಂಬುದನ್ನು ನೋಡಿ ಗಾಡಿ ಹೊತ್ತ ಟ್ರೇಲರ್ ಹೊರಡುತ್ತದೆ. ಹಳೆಯ ಕಟ್ಟಳೆ ಕೊಳ್ಳುವವನ ಸರದಿಯನ್ನಾದರೂ ಕಾಗದದ ಮೇಲೆ ಕಾಯುತ್ತಿತ್ತು. ಬುಕಿಂಗ್ ಮಾಡುವವರು ಇಂದೂ ತಮ್ಮ ಸರದಿಯನ್ನು ಬರಹದಲ್ಲಿ ಕೇಳಿ ಪಡೆಯಲಿ.