ಬಾಗಿಲಿನ ಬಣ್ಣದಡಿಯ ಹೆಸರು

ಪಿಕಪ್ ಟ್ರಕ್ಕನ್ನು ಅಮೆರಿಕದ ರೈತರು ತಾವೇ ಮಾಡಿಕೊಂಡದ್ದೂ ಉಂಟು. ಫೋರ್ಡ್ ಮಾಡೆಲ್ ಟಿ ಕಾರಿನ ಹಿಂಭಾಗವನ್ನು ಕಿತ್ತು, ಅಲ್ಲಿ ಮರದ ತೆರೆದ ಪೆಟ್ಟಿಗೆಯೊಂದನ್ನು ಕೂರಿಸಿ ಹಾಲು, ಮೇವು, ಕುರಿಮರಿಗಳನ್ನು ಪೇಟೆಗೆ ಸಾಗಿಸುತ್ತಿದ್ದರು. 1925ರಲ್ಲಿ ಫೋರ್ಡ್ ಕಂಪನಿಯೇ ಇಂಥ ಪೆಟ್ಟಿಗೆ ಜೋಡಿಸಿದ ವಾಹನವನ್ನು 281 ಡಾಲರಿಗೆ ಮಾರತೊಡಗಿತು.

ಎರಡನೆಯ ಮಹಾಯುದ್ಧದ ನಿಮಿತ್ತ 1942ರಲ್ಲಿ ಜನಸಾಮಾನ್ಯರಿಗಾಗಿ ವಾಹನ ತಯಾರಿಸುವುದು ಹೆಚ್ಚುಕಡಿಮೆ ನಿಂತೇಹೋಯಿತು. ಯುದ್ಧ ಮುಗಿಯುವ ವೇಳೆಗೆ ಹೊಲಗಳಲ್ಲಿದ್ದ ಟ್ರಕ್ಕುಗಳು ಸವೆದು ಹಣ್ಣಾಗಿದ್ದವು. ಹೀಗಾಗಿ 1947ರಲ್ಲಿ ಶೆವರ್ಲೆ ಹೊರತಂದ ದುಂಡುಮೈಯ ಹೊಸ ಮಾದರಿಗೆ ಜನ ಮುಗಿಬಿದ್ದರು. 1955ರ ಆರಂಭದವರೆಗೂ ತಯಾರಾದ ಈ ಸಾಲಿನಲ್ಲಿ ಅರ್ಧ ಟನ್ನಿನ ‘3100’ ಹೆಸರುವಾಸಿ. ಮನೆಯ ಶೆಡ್ಡಿನಲ್ಲೇ ಹಳೆಯ ಟ್ರಕ್ಕಿಗೆ ಜೀವ ಕೊಡಹೊರಡುವವರಲ್ಲಿ ಅನೇಕರು ಇಂದಿಗೂ ಆರಿಸಿಕೊಳ್ಳುವುದು ಇದನ್ನೇ.

ಕಾರಿಗೆ ಶೆಡ್ಡಿನ ನೆರಳು ಸಿಕ್ಕಿತು. ಟ್ರಕ್ಕು ಕೆಟ್ಟ ದಿನವೇ ಕೊಟ್ಟಿಗೆಯ ಹಿಂದೆ ಬಯಲಿಗೆ ಬಿತ್ತು. ಕ್ಯಾಬಿನ ಮೂಲೆಗಳಲ್ಲಿ ನೀರು ನಿಂತು ತಗಡು ತುಕ್ಕಾಯಿತು, ಸರಕಿನ ಅಂಕಣದ ಹಲಗೆಗಳು ಕೊಳೆತವು. ಇವೆಲ್ಲ ಕಷ್ಟದ ಕೆಲಸವೇನಲ್ಲ. ಹೊಸ ತಗಡನ್ನು ಕತ್ತರಿಸಿ ಬೆಸೆಯಬಹುದು, ಹಲಗೆಗಳನ್ನು ಬಡಗಿಯೇ ಮಾಡಿಕೊಟ್ಟಾನು. ಜಾಮ್ ಆದ ಎಂಜಿನ್ನಿಗೂ ಪ್ಲಗ್ಗಿನ ರಂಧ್ರದಿಂದ ಎಣ್ಣೆ ಹೊಯ್ದು ಕೆಲವು ದಿನ ಕಾಯುವುದು ಹಳೆಯ ಉಪಾಯ.

ನಿಜವಾದ ಪೇಚಾಟ ಎಂಜಿನ್ನಿನ ಒಳಗಿದೆ. ಮೊದಲ ವರ್ಷಗಳ 216 ಘನ ಇಂಚಿನ, ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗು ಬಿಡಿಭಾಗವಲ್ಲ. ಬ್ಯಾಬಿಟ್ ಎಂಬ ಮೆದು ಮಿಶ್ರಲೋಹವನ್ನು ಕರಗಿಸಿ ರಾಡಿನಲ್ಲೇ ಎರಕ ಹೊಯ್ದಿರುತ್ತಾರೆ. ರಾಡಿನ ತುದಿಯ ಪುಟ್ಟ ಸೌಟು ತಿರುಗುತ್ತ ತಿರುಗುತ್ತ ಎಣ್ಣೆಯನ್ನು ಎತ್ತಿಕೊಳ್ಳುತ್ತದೆ. ಆ ಎರಕ ಬಲ್ಲ ಕೈಗಳು ಈಗ ವಿರಳ. ಆದ್ದರಿಂದಲೇ ಹಲವರು 1954ರ ನಂತರದ, ಪಂಪಿನ ಒತ್ತಡದಿಂದ ಬೇರಿಂಗಿಗೆ ಎಣ್ಣೆ ಹಾಯುವ 235 ಘನ ಇಂಚಿನ ಎಂಜಿನ್ನನ್ನು ತಂದು ಕೂರಿಸುತ್ತಾರೆ. ಟ್ರಕ್ಕು ಓಡುತ್ತದೆ, ಹೆದ್ದಾರಿಗೂ ಇಳಿಯುತ್ತದೆ. ಅದು 1947ರ ಟ್ರಕ್ಕೇ ಹೌದೆ? ಹೌದೆನ್ನಲು ಅಡ್ಡಿಯಿಲ್ಲ, ರೈತನೂ ಅಂದು ಕೈಗೆ ಸಿಕ್ಕಿದ್ದನ್ನೇ ಜೋಡಿಸಿ ಓಡಿಸಿದವನು. ಎರಕದ ವಿದ್ಯೆ ಮಾತ್ರ ಹಾಗೆ ಜೋಡಿಸಿದಾಗಲೆಲ್ಲ ಒಂದಿಷ್ಟು ಕರಗುತ್ತದೆ.

ಬಣ್ಣದ ವಿಷಯದಲ್ಲಿ ಜಗಳ ಇನ್ನೂ ಜೋರು. ಎಲ್ಲವನ್ನೂ ಉಜ್ಜಿ ತೆಗೆದು ಕನ್ನಡಿಯಂತೆ ಹೊಳೆಸುವುದು ಒಂದು ಪಂಥ. ಇನ್ನೊಂದು ಪಂಥದವರು ತುಕ್ಕು ಮುಂದುವರಿಯದಂತೆ ತಡೆದು, ಮಾಸಿದ ಬಣ್ಣವನ್ನು ಹಾಗೆಯೇ ಉಳಿಸುತ್ತಾರೆ. ಮೂಟೆ ಹೊತ್ತ ಗೀರುಗಳು ಹೊಳಪಿನ ಕೆಳಗೆ ಹೋದರೆ ಉಳಿಯುವುದು ಪ್ರದರ್ಶನದ ಗೊಂಬೆ ಎಂಬುದು ಅವರ ವಾದ. ಆ ಕಾಲದ ಟ್ರಕ್ಕುಗಳ ಬಾಗಿಲ ಮೇಲೆ ಹೊಲದ ಅಥವಾ ಅಂಗಡಿಯ ಹೆಸರನ್ನು ಕುಂಚದಿಂದ ಬರೆಸುವ ರೂಢಿಯಿತ್ತು. ಮಾಲೀಕ ಬದಲಾದಾಗ ಅದರ ಮೇಲೆ ಇನ್ನೊಂದು ಪದರ. ಬಲ್ಲವರು ಅಲ್ಲಿ ಯಂತ್ರ ಹಚ್ಚದೆ, ನೆನೆಸಿದ ಸಣ್ಣ ಉಜ್ಜುಕಾಗದದಿಂದ ಬೆರಳಗಲದಷ್ಟೇ ಜಾಗವನ್ನು ಮೆಲ್ಲಗೆ ಸವೆಸಿ, ಅಕ್ಷರ ಕಂಡ ಕೂಡಲೇ ಕೈ ನಿಲ್ಲಿಸುತ್ತಾರೆ.